ಮಿದುಳಿಗೆ ನೆನಪಾಗುವುದೇ? ತಿರುಳ್ಗನ್ನಡದ ಚತುರ್ಥಿಯೂ ಅವಯವದೋಷದ ವಾದವೂ

ಮಿದುಳುವಿಜ್ಞಾನವನ್ನು ಕುರಿತ ಕನ್ನಡ ಬರಹಗಳಲ್ಲಿ ಒಂದು ವಾಕ್ಯವಿನ್ಯಾಸ ಈಗ ನೆಲೆಯೂರಿದೆ. ಮಿದುಳು ನೆನಪಿಸಿಕೊಳ್ಳುತ್ತದೆ, ಮಿದುಳು ನಿರ್ಧರಿಸುತ್ತದೆ, ಮಿದುಳು ಊಹಿಸುತ್ತದೆ, ಕೆಲವೊಮ್ಮೆ ಮಿದುಳು ನಮ್ಮನ್ನೇ ವಂಚಿಸುತ್ತದೆ. ದಿನಪತ್ರಿಕೆಯ ವಿಜ್ಞಾನ ಪುಟದಿಂದ ಶಾಲೆಯ ಪಠ್ಯದವರೆಗೆ ಹಬ್ಬಿರುವ ಈ ವಿನ್ಯಾಸದಲ್ಲಿ ಮಿದುಳು ಸದಾ ಪ್ರಥಮಾ ವಿಭಕ್ತಿಯಲ್ಲಿ ನಿಂತಿರುತ್ತದೆ, ಕ್ರಿಯಾಪದ ಸಕರ್ಮಕವಾಗಿರುತ್ತದೆ, ನಾವು ಎಲ್ಲೋ ದ್ವಿತೀಯೆಯಲ್ಲಿ ಉಳಿದಿರುತ್ತೇವೆ. ಇದು ಬರಿಯ ಶೈಲಿಯ ಮಾತಲ್ಲ ಎಂಬುದನ್ನು ೨೦೦೩ರಲ್ಲಿ ನರವಿಜ್ಞಾನಿ ಮ್ಯಾಕ್ಸ್ ಬೆನೆಟ್ ಮತ್ತು ತತ್ತ್ವಜ್ಞ ಪೀಟರ್ ಹ್ಯಾಕರ್ ಜೊತೆಯಾಗಿ ಬರೆದ ‘ಫಿಲಸಾಫಿಕಲ್ ಫೌಂಡೇಶನ್ಸ್ ಆಫ್ ನ್ಯೂರೋಸೈನ್ಸ್’ ಎಂಬ ಗ್ರಂಥ ವಿಸ್ತಾರವಾಗಿ ವಾದಿಸಿತು. ನೆನೆಯುವುದು, ನಂಬುವುದು, ನೋಯುವುದು ಇಡೀ ಮನುಷ್ಯನಿಗೆ ಸಲ್ಲುವ ಮಾತುಗಳು. ಅವನ್ನು ಅವನ ಒಂದು ಅಂಗಕ್ಕೆ ಹೇಳುವುದು ಸುಳ್ಳೂ ಅಲ್ಲ, ನಿಜವೂ ಅಲ್ಲ, ಅರ್ಥಶೂನ್ಯ ಎಂಬುದು ಅವರ ನಿಲುವು. ಅವಯವಕ್ಕೆ ಅವಯವಿಯ ಧರ್ಮವನ್ನು ಹೊರಿಸುವ ಈ ದೋಷವನ್ನು ನಾವಿಲ್ಲಿ ‘ಅವಯವದೋಷ’ ಎಂದು ಕರೆಯುತ್ತೇವೆ. ನ್ಯಾಯಶಾಸ್ತ್ರದ ಬಳಕೆಯಿಂದ ಆ ಜೋಡಿಪದ ನಮಗೆ ಅಪರಿಚಿತವೇನಲ್ಲ.

ಈ ವಾದದ ಬುನಾದಿ ಬಳಕೆಯ ಮಾತು. ಪದವೊಂದು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು ಎಂಬುದನ್ನು ಬಲ್ಲ ಭಾಷಿಕರ ನಿತ್ಯದ ಬಳಕೆಯೇ ಅರ್ಥದ ಗಡಿ ಎಂಬ ವಿಟ್ಗೆನ್‌ಸ್ಟೈನ್ ಪರಂಪರೆಯ ಸೂತ್ರವನ್ನು ಅವರು ನಂಬಿದ್ದಾರೆ. ಆದರೆ ಅವರು ಪರಿಶೀಲಿಸಿದ್ದು ಇಂಗ್ಲಿಷಿನ ಬಳಕೆಯನ್ನು. ಮನುಷ್ಯನ ಮನೋವ್ಯಾಪಾರದ ಬಗ್ಗೆ ಸಾರ್ವತ್ರಿಕ ನಿರ್ಣಯವೊಂದನ್ನು ಒಂದು ಭಾಷೆಯ ಬಳಕೆಯ ಮೇಲೆ ನಿಲ್ಲಿಸಿದಾಗ, ಇನ್ನೊಂದು ಭಾಷೆಯನ್ನು ಸಾಕ್ಷಿಗೆ ಕರೆಯುವ ಹಕ್ಕು ಭಾಷಾವಿಜ್ಞಾನಕ್ಕೆ ಉಂಟು. ನಾವು ಕರೆಯುತ್ತಿರುವ ಸಾಕ್ಷಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಆಡುಗನ್ನಡ.

ಈ ಆಯ್ಕೆಗೆ ಹಳೆಯದೊಂದು ಆಧಾರವಿದೆ. ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡೇ ಕನ್ನಡದ ತಿರುಳೆಂದು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಗುರುತಿಸಿತು. ಆ ಕೊಪಣವೇ ಇಂದಿನ ಕೊಪ್ಪಳ. ಹಾಗೆಂದು ಅಲ್ಲಿನ ಮಾತು ಬೆರಕೆಯಿಲ್ಲದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ೧೯೪೮ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದು, ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದ ಈ ಸೀಮೆಯ ನಾಲಗೆಯಲ್ಲಿ ಉರ್ದು ಹಾಸುಹೊಕ್ಕಾಗಿದೆ. ಗಂಗಾವತಿಯ ಭತ್ತದ ಗದ್ದೆಗಳ ಕ್ಯಾಂಪುಗಳಲ್ಲಿ ತೆಲುಗು ಮನೆಮಾತಾಗಿದೆ. ಕುಷ್ಟಗಿಯ ಮಾತು ಇಳಕಲ್ಲಿನ ಕಡೆಗೂ ಯಲಬುರ್ಗಾದ್ದು ರೋಣದ ಕಡೆಗೂ ವಾಲುತ್ತದೆ. ಈ ವ್ಯತ್ಯಾಸಗಳು ಧ್ವನಿಯಲ್ಲಿ, ಪ್ರತ್ಯಯಗಳ ರೂಪದಲ್ಲಿ ಕಾಣುತ್ತವೆ. ನಾವು ಚರ್ಚಿಸಲಿರುವ ರಚನೆಯಲ್ಲಿ ನಾಲ್ಕೂ ಕಡೆ ಒಂದೇ ನಡೆಯಿದೆ. ಸಿದ್ಧಕನ್ನಡದಲ್ಲೂ ಅದೇ ನಡೆ. ಆಡುಮಾತನ್ನೇ ಆಧಾರವಾಗಿ ಹಿಡಿದದ್ದಕ್ಕೆ ಕಾರಣ ಸರಳ. ಅನುವಾದಿತ ಗದ್ಯದ ಛಾಯೆ ಅಲ್ಲಿ ಇನ್ನೂ ಕಡಿಮೆ. ಉದಾಹರಣೆಗಳ ಒಪ್ಪು-ತಪ್ಪಿನ ನಿರ್ಣಯ ಈ ಮಾತನ್ನಾಡುವ ನಮ್ಮದೇ. * ಗುರುತು ‘ಕಿವಿಗೆ ಒಗ್ಗದು’ ಎಂಬುದನ್ನು ಸೂಚಿಸುತ್ತದೆ.

ಅನುಭವಿಯ ಚತುರ್ಥಿ

(೧) ನನಗ ನಮ್ಮವ್ವ ನೆನಪಾದ್ಲು.
(೨) ಅಕಿಗೆ ಹೆಸರ ಮರತಹೋತು.
(೩) ಅಂವಗ ಹಂಗ ಅನಸ್ತು.
(೪) ಮಳಿ ಬರಲಿಲ್ಲಂತ ಅಪ್ಪಗ ಚಿಂತಿ ಹತ್ತೇತಿ.

ನೆನಪು, ಮರೆವು, ಅನಿಸಿಕೆ, ಚಿಂತೆ ಇವೆಲ್ಲ ಇಲ್ಲಿ ಯಾರೋ ಮಾಡುವ ಕೆಲಸಗಳಲ್ಲ, ಯಾರಿಗೋ ಆಗುವ ಸಂಗತಿಗಳು. (೧)ರಲ್ಲಿ ಕ್ರಿಯಾಪದದ ಲಿಂಗ-ವಚನ ಹೊಂದಿಕೊಂಡಿರುವುದು ಅವ್ವನೊಡನೆ, ನೆನೆಯುವವನೊಡನೆ ಅಲ್ಲ. ಎಸ್. ಎನ್. ಶ್ರೀಧರ್ ೧೯೭೦ರ ದಶಕದ ತಮ್ಮ ಲೇಖನಗಳಲ್ಲಿ ಕನ್ನಡದ ಇಂಥ ಚತುರ್ಥಿ ಪದಗಳು ಕರ್ತೃವಿನ ಹಲವು ಲಕ್ಷಣಗಳನ್ನು ಹೊಂದಿವೆ ಎಂದು ತೋರಿಸಿದರು. ‘ತನ್ನ’ ಎಂಬ ಆತ್ಮಾರ್ಥಕಕ್ಕೆ ಅವು ಆಶ್ರಯ ಕೊಡಬಲ್ಲವು ಎಂಬುದು ಅವುಗಳಲ್ಲೊಂದು. ಡಿ. ಎನ್. ಶಂಕರ ಭಟ್ಟರು ಇನ್ನೂ ಮುಂದೆ ಹೋಗಿ, ಕನ್ನಡದ ವಾಕ್ಯವನ್ನು ವಿವರಿಸಲು ಕರ್ತೃವೆಂಬ ಕಲ್ಪನೆಯೇ ಬೇಕಿಲ್ಲವೆಂದು ತಮ್ಮ ೧೯೯೧ರ ಗ್ರಂಥದಲ್ಲಿ ವಾದಿಸಿದರು. ಆ ವಿವಾದದಲ್ಲಿ ನಾವು ಪಕ್ಷ ವಹಿಸುವುದಿಲ್ಲ. ಚತುರ್ಥಿಯಲ್ಲಿರುವ ಆ ಪದವನ್ನು ‘ಅನುಭವಿ’ ಎಂದಷ್ಟೇ ಕರೆಯುತ್ತೇವೆ.

ಕನ್ನಡಕ್ಕೆ ಇನ್ನೊಂದು ದಾರಿಯೂ ಉಂಟು. ‘ನೆನಪಾಯಿತು’ ಎಂಬುದರ ಪಕ್ಕದಲ್ಲಿ ‘ನೆನಪಿಸಿಕೊಂಡೆ’, ‘ತಿಳಿಯಿತು’ ಎಂಬುದರ ಪಕ್ಕದಲ್ಲಿ ‘ತಿಳಿದುಕೊಂಡೆ’, ‘ಮರೆತುಹೋಯಿತು’ ಎಂಬುದರ ಪಕ್ಕದಲ್ಲಿ ‘ಮರೆತೆ’ ಇವೆ. ಮೊದಲನೆಯದು ಸಂಭವ, ಎರಡನೆಯದು ಯತ್ನ, ಅಥವಾ ಕಡೆಗೆ ಹೊಣೆ. ಸಾಲದ ಕಂತು ಕಟ್ಟದವನು ‘ಮರತಹೋತ್ರೀ’ ಎನ್ನುತ್ತಾನೆ, ‘ಮರತೆ’ ಎನ್ನುವುದಿಲ್ಲ. ಬ್ಯಾಂಕಿನವರಿಗೂ ಆ ವ್ಯತ್ಯಾಸ ಚೆನ್ನಾಗಿ ತಿಳಿದಿದೆ. ಮಿದುಳನ್ನು ಕುರಿತ ಕನ್ನಡ ಗದ್ಯ ಈ ಜೋಡಿಗಳಲ್ಲಿ ಸದಾ ಎರಡನೆಯದನ್ನೇ ಆರಿಸಿಕೊಳ್ಳುತ್ತದೆ. ಏಕೆಂದರೆ ಅದರ ಮೂಲವಾದ ಇಂಗ್ಲಿಷ್ ವಾಕ್ಯದಲ್ಲಿ ಪ್ರಥಮೆ ಬಿಟ್ಟು ಬೇರೆ ಜಾಗವೇ ಇಲ್ಲ. ಹೀಗೆ ಆಗುವ ಸಂಗತಿಗಳೆಲ್ಲ ಮಾಡುವ ಕೆಲಸಗಳಾಗಿ ಮಾರ್ಪಡುತ್ತವೆ. ಕೆಲಸವಿದ್ದಲ್ಲಿ ಕೆಲಸಗಾರ ಬೇಕಲ್ಲ, ತಲೆಬುರುಡೆಯೊಳಗೆ ಒಬ್ಬ ಪುಟ್ಟ ಮನುಷ್ಯ ಹುಟ್ಟಿಕೊಳ್ಳುತ್ತಾನೆ. ಪಶ್ಚಿಮದ ತತ್ತ್ವಜ್ಞರು ಶತಮಾನಗಳಿಂದ ಹೊರಗಟ್ಟಲು ಹೆಣಗುತ್ತಿರುವ ಈ ಅಂತರ್ಮಾನವನನ್ನು, ಅವನ ಅಗತ್ಯವೇ ಇಲ್ಲದ ವ್ಯಾಕರಣವಿರುವ ಭಾಷೆಗೆ ನಾವು ಅನುವಾದದ ಮೂಲಕ ಕರೆತಂದಿದ್ದೇವೆ. ಹದಿನೆಂಟನೆಯ ಶತಮಾನದ ಜರ್ಮನ್ ಚಿಂತಕ ಲಿಷ್ಟೆನ್‌ಬರ್ಗ್, ಮಿಂಚುತ್ತದೆ ಎನ್ನುವಂತೆಯೇ ಆಲೋಚನೆಯಾಗುತ್ತದೆ ಎನ್ನಬೇಕೆಂದು ಟಿಪ್ಪಣಿ ಮಾಡಿಕೊಂಡಿದ್ದ. ಅವನಿಗೆ ಅದು ಭಾಷೆಯನ್ನು ತಿದ್ದುವ ಸಲಹೆಯಾಗಿತ್ತು. ಕುಷ್ಟಗಿಯ ಸಂತೆಯಲ್ಲಿ ‘ಹಂಗ ಅನಸ್ತೈತಿ’ ಎನ್ನುವವಳಿಗೆ ಅದು ಸಹಜ ಮಾತು.

ಅಂಗಗಳಿಗೆ ಸಲ್ಲುವುದೂ ಮಿದುಳಿಗೆ ಸಲ್ಲದ್ದೂ

ಇಲ್ಲಿಯವರೆಗೆ ಕನ್ನಡ ಬೆನೆಟ್-ಹ್ಯಾಕರರ ಪಕ್ಷದ ಸಾಕ್ಷಿಯಂತೆ ತೋರಬಹುದು. ಮುಂದಿನ ವಾಕ್ಯಗಳು ಹಾಗಲ್ಲ.

(೫) ಮನಸಿಗೆ ಬ್ಯಾಸರಾಗೇತಿ.
(೬) ಲೆಕ್ಕ ತಲಿಗೆ ಹತ್ತಲಿಲ್ಲ.
(೭) ಆ ಮಾತು ನನ್ನ ಕಿವಿಗೆ ಬಿತ್ತು.
(೮) ಜೀವಕ್ಕ ಸಮಾಧಾನಿಲ್ಲ.

ಮನಸ್ಸು, ತಲೆ, ಕಿವಿ, ಜೀವ ಇವು ಒಂದಲ್ಲ ಒಂದು ಅರ್ಥದಲ್ಲಿ ಮನುಷ್ಯನ ಅಂಶಗಳು. ಅನುಭವಿಯ ಚತುರ್ಥಿ ಇವುಗಳಿಗೆ ಧಾರಾಳವಾಗಿ ಸಲ್ಲುತ್ತದೆ. ಇವನ್ನು ಅರ್ಥಶೂನ್ಯವೆಂದರೆ ಕೊಪ್ಪಳ ಜಿಲ್ಲೆಯ ಅರ್ಧ ಮಾತುಕತೆಯನ್ನೇ ಅರ್ಥಶೂನ್ಯವೆನ್ನಬೇಕಾದೀತು. ರೂಪಕವೆಂದು ತಳ್ಳಿಹಾಕುವುದೂ ಸುಲಭವಲ್ಲ. (೫)ಕ್ಕೂ ‘ನನಗ ಬ್ಯಾಸರಾಗೇತಿ’ ಎಂಬುದಕ್ಕೂ ನಡುವೆ ಅಲಂಕಾರದ ಅಂತರ ಇಲ್ಲ, ಒಂದರ ಬದಲು ಇನ್ನೊಂದನ್ನು ಆಡಿದರೆ ಯಾರೂ ಗಮನಿಸುವುದಿಲ್ಲ. ಅಂದಮೇಲೆ ಮನೋವಾಚಕಗಳು ಇಡಿಗೆ ಮಾತ್ರ ಸಲ್ಲುತ್ತವೆ, ಬಿಡಿಗೆ ಸಲ್ಲವು ಎಂಬ ನಿಯಮ ಬಳಕೆಯ ಮಾತಿನ ನಿಯಮವಾಗಲಾರದು. ಆದರೂ ಮಿದುಳಿನ ವಿಷಯದಲ್ಲಿ ಅವರ ಕಿವಿ ಸರಿಯಾಗಿಯೇ ಕೇಳಿದೆ:

(೯) *ಮಿದುಳಿಗೆ ನಮ್ಮವ್ವ ನೆನಪಾದ್ಲು.
(೧೦) *ಮಿದುಳಿಗೆ ಬ್ಯಾಸರಾಗೇತಿ.
(೧೧) ಮಿದುಳಿಗೆ ರಕ್ತ ಬೇಕು. ಮಿದುಳಿಗೆ ಪೆಟ್ಟಾಗೇತಿ.

(೧೧) ಇಲ್ಲಿ ಮುಖ್ಯ. ಚತುರ್ಥಿಯ ಪ್ರತ್ಯಯ ಮಿದುಳಿಗೆ ಹತ್ತುವುದಿಲ್ಲವೆಂದಲ್ಲ. ಹೊಲಕ್ಕೆ ನೀರು ಬೇಕಾದಂತೆ, ಗಾಡಿಗೆ ಎಣ್ಣೆ ಬೇಕಾದಂತೆ ಮಿದುಳಿಗೆ ರಕ್ತ ಬೇಕು. ಗೋಡೆಗೆ ಪೆಟ್ಟಾದಂತೆ ಮಿದುಳಿಗೆ ಪೆಟ್ಟಾಗಬಹುದು. ‘ಬೇಕು’ ಹೊಲದವರೆಗೂ ಹರಡಬಲ್ಲದು, ‘ಗೊತ್ತು’ ಎತ್ತಿನವರೆಗೆ (ಎತ್ತಿಗೆ ದಾರಿ ಗೊತ್ತು), ‘ಬೇಸರ’ ಅಷ್ಟು ದೂರ ಹೋಗದು. ಮಿದುಳು ಈ ಏಣಿಯಲ್ಲಿ ಹೊಲದ ಮೆಟ್ಟಿಲಲ್ಲಿದೆ. ಮನೋಗುಣಗಳನ್ನು ಮಿದುಳಿನ ಭಾಗಗಳಿಗೆ ಅರೆಬರೆಯಾಗಿ ಹೇಳಬಹುದೆಂದು ಡೇನಿಯಲ್ ಡೆನೆಟ್ ೨೦೦೭ರಲ್ಲಿ ಪ್ರಕಟವಾದ ಸಂವಾದದಲ್ಲಿ ಈ ಇಬ್ಬರಿಗೆ ಉತ್ತರಿಸಿದ್ದರು. ಏಣಿ ಇದೆಯೆಂಬುದರಲ್ಲಿ ಡೆನೆಟ್ ಸರಿ. ಮಿದುಳು ಅದರಲ್ಲಿ ಎತ್ತಿಗಿಂತ ಮೇಲಿದೆ ಎನ್ನುವುದಕ್ಕೆ ಮಾತ್ರ ಬಳಕೆಯಲ್ಲಿ ಆಧಾರ ಸಿಗುವುದಿಲ್ಲ.

ಹಾಗಾದರೆ ಕಿವಿಗೆ ಸಲ್ಲುವುದು ಮಿದುಳಿಗೇಕೆ ಸಲ್ಲದು? ಎರಡೂ ಅಂಗಗಳೇ. ಎರಡೂ ಇಲ್ಲದೆ ಕೇಳಿಸದು. ನಮ್ಮ ಉತ್ತರ ಇಷ್ಟು. ಅನುಭವ ಉಂಡವನು ತನ್ನ ಅನುಭವವನ್ನು ಹೇಳಿಕೊಳ್ಳುವಾಗ ಎಲ್ಲಿ ಬೆರಳಿಟ್ಟು ತೋರಿಸುತ್ತಾನೋ ಆ ಎಡೆಗೆ ಕನ್ನಡ ಚತುರ್ಥಿಯನ್ನು ಕೊಡುತ್ತದೆ. ಕಿವಿ, ಕಣ್ಣು, ಎದೆ, ಹೊಟ್ಟೆ, ಮನಸ್ಸು ಅಂಥ ಎಡೆಗಳು. ಮಿದುಳು ಅಂಥದಲ್ಲ. ಅದು ಯಾರಿಗೂ ಒಳಗಿನಿಂದ ಪರಿಚಯವಿಲ್ಲ. ಆಡುಮಾತಿನಲ್ಲಿ ಅದು ಕಾಣಿಸಿಕೊಳ್ಳುವುದು ಬೈಗುಳದಲ್ಲಿ, ‘ತಲ್ಯಾಗ ಮಿದುಳ ಐತೋ ಇಲ್ಲೋ’ ಎಂದು, ಅಥವಾ ಮಟನ್ ಅಂಗಡಿಯಲ್ಲಿ, ಅಲ್ಲಿಯೂ ಭೇಜಾ ಎಂಬ ವೇಷದಲ್ಲಿ.

ಈ ವಿವರಣೆಗೆ ಕಠಿಣ ಪರೀಕ್ಷೆಯೊಂದನ್ನು ನರವಿಜ್ಞಾನವೇ ಒದಗಿಸಿದೆ. ಕೈಯನ್ನು ಕತ್ತರಿಸಿ ತೆಗೆದ ಮೇಲೂ ಅನೇಕರಿಗೆ ಆ ಕೈ ಇದ್ದಂತೆ, ನೋಯುವಂತೆ, ತುರಿಸುವಂತೆ ಅನಿಸುತ್ತದೆ. ವಿ. ಎಸ್. ರಾಮಚಂದ್ರನ್ ೧೯೯೦ರ ದಶಕದಲ್ಲಿ ಇಂಥವರನ್ನು ಅಭ್ಯಸಿಸಿ, ಕನ್ನಡಿಯೊಂದರ ನೆರವಿನಿಂದ ಕೆಲವರ ನೋವನ್ನು ಶಮನಗೊಳಿಸಿ ಜಗತ್ತಿನ ಗಮನ ಸೆಳೆದರು. ಅಂಥವನು ಕನ್ನಡದಲ್ಲಿ ‘ಕೈಗೆ ತುರಿಕಿ ಬಂದೈತಿ’ ಎಂದರೆ ವ್ಯಾಕರಣ ತಡೆಯುವುದಿಲ್ಲ. ಕೈ ಇಲ್ಲ, ಅದಕ್ಕೆ ಚತುರ್ಥಿ ಇದೆ. ಆ ತುರಿಕೆಗೆ ಕಾರಣವಾದ ಮಿದುಳು ಇದೆ, ಅದಕ್ಕೆ ಚತುರ್ಥಿ ಇಲ್ಲ. ಇಡಿ-ಬಿಡಿಯ ಸಂಬಂಧದಿಂದ ಇದನ್ನು ವಿವರಿಸಲಾಗದು. ಇಲ್ಲದ ಕೈ ಯಾವ ಇಡಿಗೂ ಬಿಡಿಯಲ್ಲ.

‘ತನ್ನ’ ಯಾರದು?

ಅನುಭವದ ಎಡೆಯಾಗುವುದು ಒಂದು, ಅನುಭವದ ಒಡೆತನ ಇನ್ನೊಂದು. ಈ ಭೇದ ಇಲ್ಲಿ ಮುಖ್ಯ. ಕನ್ನಡದಲ್ಲಿ ಅದನ್ನು ಮಾಡುವ ಉಪಕರಣ ‘ತನ್ನ’.

(೧೨) ಹನುಮಪ್ಪನ ಮಗಗ ತನ್ನ ತಪ್ಪು ತಿಳೀತು.
(೧೩) ಹನುಮಪ್ಪನ ಮನಸಿಗೆ ತನ್ನ ತಪ್ಪು ತಿಳೀತು.

(೧೨)ರಲ್ಲಿ ತಪ್ಪು ಮಗನದು, ಹನುಮಪ್ಪನದಲ್ಲ. (೧೩)ರಲ್ಲಿ ತಪ್ಪು ಹನುಮಪ್ಪನದು, ಮನಸ್ಸಿನದಲ್ಲ. ಎರಡು ವಾಕ್ಯಗಳ ಕಟ್ಟಡ ಒಂದೇ. ಚತುರ್ಥಿಯಲ್ಲಿರುವ ಪದ ಮಾತ್ರ ಬೇರೆ. ಮಗ ‘ತನ್ನ’ವನ್ನು ತಾನೇ ಇಟ್ಟುಕೊಳ್ಳುತ್ತಾನೆ. ಮನಸ್ಸು ಇಟ್ಟುಕೊಳ್ಳದು, ದಾಟಿಸಿ ಷಷ್ಠಿಯಲ್ಲಿ ನಿಂತಿರುವ ಹನುಮಪ್ಪನಿಗೆ ಒಪ್ಪಿಸುತ್ತದೆ. ವಾಕ್ಯಶಾಸ್ತ್ರ ಬಲ್ಲವರು ಇಲ್ಲಿ ಆಕ್ಷೇಪವೆತ್ತಬಹುದು. ಇದು ಸಜೀವ-ನಿರ್ಜೀವ ಭೇದವಷ್ಟೇ, ಚೀನೀ ಭಾಷೆಯ ಆತ್ಮಾರ್ಥಕವೂ ಹೀಗೆಯೇ ನಡೆಯುತ್ತದೆ, ‘ಅವನ ಹಟ ತನ್ನ ಮನೆಯನ್ನೇ ಹಾಳುಮಾಡಿತು’ ಎಂಬಲ್ಲೂ ‘ತನ್ನ’ ಹಟದ್ದಲ್ಲ. ಆಕ್ಷೇಪ ಸರಿಯಾಗಿದೆ, ಮತ್ತು ಅದು ನಮ್ಮ ವಾದವನ್ನು ಬಲಪಡಿಸುತ್ತದೆ. ಬೇಸರಪಡುವ, ತಿಳಿಯುವ, ಸಮಾಧಾನಗೊಳ್ಳುವ ಮನಸ್ಸನ್ನು ಕೂಡ ಕನ್ನಡ ವ್ಯಾಕರಣ ಒಡೆತನದ ಪ್ರಶ್ನೆ ಬಂದಾಗ ಹಟದ ಸಾಲಿಗೆ, ನಪುಂಸಕದ ಸಾಲಿಗೆ ಸೇರಿಸುತ್ತದೆ. ಮಿದುಳಿನ ಬಗ್ಗೆ ಅವರು ಹೇಳಿದ್ದು ಮನಸ್ಸಿಗೂ ಅನ್ವಯಿಸುತ್ತದೆ ಎಂದಾಯಿತು. ಎರಡೂ ಎಡೆಗಳಾಗಬಹುದು ಇಲ್ಲವೇ ಕಾರಣಗಳಾಗಬಹುದು, ಒಡೆಯರಾಗಲಾರವು.

ಇದು ಈ ನೆಲದ ತತ್ತ್ವಚಿಂತನೆಗೆ ಹೊಸ ಸಂಗತಿಯಲ್ಲ. ಸಾಂಖ್ಯದಲ್ಲಿ ಮನಸ್ಸು, ಬುದ್ಧಿ, ಅಹಂಕಾರಗಳು ಪ್ರಕೃತಿಯಿಂದ ಹುಟ್ಟಿದವು, ಜಡ. ನ್ಯಾಯ-ವೈಶೇಷಿಕದಲ್ಲಿ ಮನಸ್ಸು ಅಣುಪ್ರಮಾಣದ ದ್ರವ್ಯ, ಒಂದು ಉಪಕರಣ. ವಚನಕಾರರ ಚರ್ಚೆಯಲ್ಲಿ ತೂಕವಿರುವುದು ಅರಿವು-ಮರವೆಗಳಿಗೆ. ಮನವಾದರೋ ಕಟ್ಟಿಹಾಕಬೇಕಾದದ್ದು. ಆದುದರಿಂದ ‘ಫಿಲಾಸಫಿ ಆಫ್ ಮೈಂಡ್’ ಎಂಬುದನ್ನು ‘ಮನಸ್ಸಿನ ತತ್ತ್ವಶಾಸ್ತ್ರ’ ಎಂದು ಅನುವಾದಿಸಿ, ಬಳಿಕ ಮನಸ್ಸಿಗೂ ಮಿದುಳಿಗೂ ಏನು ಸಂಬಂಧವೆಂದು ಕೇಳುವ ಕನ್ನಡ ಲೇಖಕ ಅರಿಯದೆಯೇ ಪ್ರಶ್ನೆಯನ್ನು ಬದಲಿಸಿರುತ್ತಾನೆ. ಡೆಕಾರ್ಟ್‌ನ ಪ್ರಶ್ನೆ ಚೇತನ ಮತ್ತು ಜಡದ ನಡುವಣದು. ಮನಸ್ಸು-ಮಿದುಳಿನ ಪ್ರಶ್ನೆ, ಕನ್ನಡದ ಬಳಕೆಯಲ್ಲಿ, ಎರಡು ಉಪಕರಣಗಳ ನಡುವಣದು. ಚಾಲುಕ್ಯರ ಕಾಲದ ಕಲ್ಲುಗುಡಿಯ ಬಗ್ಗೆ ಕೇಳಿದ ಪ್ರಶ್ನೆಗೆ ಉಳಿ ಮತ್ತು ಸುತ್ತಿಗೆಯ ಬಗ್ಗೆ ಉತ್ತರ ಕೊಟ್ಟ ಹಾಗೆ.

ಪದಕೋಶದ ಕಡೆಯಿಂದಲೂ ಒಂದು ಸಣ್ಣ ಸಾಕ್ಷ್ಯವಿದೆ. ಉರ್ದುವಿನ ‘ದಿಮಾಗ್’ ಮಿದುಳನ್ನೂ ಬುದ್ಧಿಯನ್ನೂ ಗರ್ವವನ್ನೂ ಸೂಚಿಸುವ ಪದ. ಕನ್ನಡ ಅದನ್ನು ‘ದಿಮಾಕು’ ಎಂದು ಬರಮಾಡಿಕೊಂಡಾಗ ಮೊದಲೆರಡನ್ನು ಬಾಗಿಲಲ್ಲೇ ಬಿಟ್ಟು ಗರ್ವವನ್ನು ಮಾತ್ರ ಒಳಗೆ ಕರೆಯಿತು. ಬುದ್ಧಿಗೆ ಅಂಗದ ಹೆಸರಿನ ಅಗತ್ಯ ಅದಕ್ಕೆ ಕಾಣಲಿಲ್ಲ. ಅದೇ ದಾರಿಯಲ್ಲಿ ಬಂದ, ಸುದ್ದಿ ಎಂಬರ್ಥದ ‘ಖಬರ್’ ಮಾತ್ರ ಈ ಸೀಮೆಯಲ್ಲಿ ಪ್ರಜ್ಞೆಯ ಹೆಸರಾಗಿ ಬೆಳೆಯಿತು. ಮೂರ್ಛೆ ಹೋದವನಿಗೆ ಖಬರಿಲ್ಲ, ಕುಡಿದು ಬಿದ್ದವನಿಗೆ ಖಬರಿಲ್ಲ, ಗಾಢನಿದ್ರೆಯಲ್ಲಿದ್ದವನಿಗೂ ಖಬರಿಲ್ಲ. ಪ್ರಜ್ಞೆಯೆಂದರೆ ಸುದ್ದಿ ಬಂದು ಮುಟ್ಟುವುದು. ಮುಟ್ಟುವುದು ಯಾರಿಗೆ ಎಂಬುದನ್ನು ಹೇಳಲು ಚತುರ್ಥಿಯೇ ಬೇಕು: ‘ಅಂವಗ ಖಬರ ಬಂತು’.

ಮನಸ್ಸಾಗುವುದು, ಮನಸ್ಸು ಮಾಡುವುದು

ವ್ಯಾಕರಣದ ಈ ಭೇದಗಳು ಪ್ರಯೋಗಶಾಲೆಯ ಫಲಿತಾಂಶವನ್ನು ಓದುವ ಬಗೆಯನ್ನೂ ಬದಲಿಸಬಲ್ಲವು. ಬೆಂಜಮಿನ್ ಲಿಬೆಟ್ ಮತ್ತು ಸಂಗಡಿಗರು ೧೯೮೩ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಲ್ಗೊಂಡವರು ತಮಗೆ ಅನಿಸಿದಾಗ ಕೈಯನ್ನು ಆಡಿಸಬೇಕಾಗಿತ್ತು. ಹಾಗೆ ಅನಿಸಿದ ಕ್ಷಣದಲ್ಲಿ ಗಡಿಯಾರದ ಚುಕ್ಕಿ ಎಲ್ಲಿತ್ತೆಂದು ಹೇಳಬೇಕಾಗಿತ್ತು. ಕೈ ಆಡುವುದಕ್ಕೆ ಸುಮಾರು ೨೦೦ ಮಿಲಿಸೆಕೆಂಡುಗಳ ಮೊದಲು ಅನಿಸಿಕೆ ವರದಿಯಾಯಿತು. ಮಿದುಳಿನ ವಿದ್ಯುತ್ ಸಿದ್ಧತೆ ಸುಮಾರು ೫೫೦ ಮಿಲಿಸೆಕೆಂಡುಗಳ ಮೊದಲೇ ತೊಡಗಿತ್ತು. ಕನ್ನಡದಲ್ಲಿ ಇದು ಸಾಮಾನ್ಯವಾಗಿ ‘ನಾವು ನಿರ್ಧರಿಸುವ ಮೊದಲೇ ಮಿದುಳು ನಿರ್ಧರಿಸಿರುತ್ತದೆ’ ಎಂಬ ರೂಪದಲ್ಲಿ ಬರುತ್ತದೆ. ಓದಿದವರು ಬೆಚ್ಚುತ್ತಾರೆ, ಇಚ್ಛಾಸ್ವಾತಂತ್ರ್ಯ ಮುಗಿಯಿತು ಎಂದುಕೊಳ್ಳುತ್ತಾರೆ.

ಈಗ ಪ್ರಯೋಗವನ್ನು ಆಡುಮಾತಿನಲ್ಲಿ ಹೇಳಿ ನೋಡೋಣ. ‘ನನಗ ಹೋಗಾಕ ಮನಸ್ಸಾತು’ ಎನ್ನುವುದು ಒಂದು. ‘ನಾನು ಹೋಗಾಕ ಮನಸ್ಸು ಮಾಡಿದೆ’ ಎನ್ನುವುದು ಇನ್ನೊಂದು. ಮನಸ್ಸಾಗುವುದು ಚತುರ್ಥಿಯ ಸಂಗತಿ, ಅದು ತಾನಾಗಿ ಬರುತ್ತದೆ, ಬಂದದ್ದನ್ನು ನಾವು ಗಮನಿಸುತ್ತೇವೆ. ಮನಸ್ಸು ಮಾಡುವುದು ಪ್ರಥಮೆಯ ಸಂಗತಿ, ಅದಕ್ಕೆ ನಾವು ಹೊಣೆ. ಮನಸ್ಸಾದರೂ ಮನಸ್ಸು ಮಾಡದಿರಬಹುದು, ಮನಸ್ಸಾಗದಿದ್ದರೂ ಮನಸ್ಸು ಮಾಡಬಹುದು. ಜ್ವರವಿದ್ದಾಗಲೂ ಬಿತ್ತಲು ಹೊಲಕ್ಕೆ ಹೋಗುವ ರೈತ ಎರಡನೆಯದಕ್ಕೆ ಉದಾಹರಣೆ. ಲಿಬೆಟ್ ಅಳೆದದ್ದು ಮನಸ್ಸಾಗುವ ಕ್ಷಣವನ್ನು. ಪಾಲ್ಗೊಂಡವರು ಮನಸ್ಸು ಮಾಡಿದ್ದು ಆ ಕುರ್ಚಿಯಲ್ಲಿ ಕುಳಿತುಕೊಳ್ಳಲು ಒಪ್ಪಿದಾಗ. ತಾನಾಗಿ ಬರುವುದಕ್ಕೆ ಅದು ಬರುವ ಮೊದಲು ದೇಹದಲ್ಲಿ ಸಿದ್ಧತೆ ನಡೆದಿರುತ್ತದೆ ಎಂಬುದರಲ್ಲಿ ಬೆಚ್ಚುವಂಥದ್ದೇನಿದೆ? ಹಸಿವಾಗುವ ಮೊದಲೂ ಹೊಟ್ಟೆಯಲ್ಲಿ ಏನೋ ನಡೆದಿರುತ್ತದೆ.

ಪ್ರೇರಣೆಯೇ ಬೇರೆ, ನಿರ್ಧಾರವೇ ಬೇರೆ ಎಂಬ ವಾದವನ್ನು ಲಿಬೆಟ್‌ನ ವಿರುದ್ಧ ಆಲ್ಫ್ರೆಡ್ ಮೀಲಿ ಇಂಗ್ಲಿಷಿನಲ್ಲೇ ಮಂಡಿಸಿದ್ದಾರೆ. ಆದ್ದರಿಂದ ಕನ್ನಡ ಬಲ್ಲವರಿಗೆ ಮಾತ್ರ ಕಾಣುವ ಸತ್ಯ ಇದೆಂದು ನಾವು ಹೇಳುವುದಿಲ್ಲ. ಅಲ್ಲಿ ಪುಟಗಟ್ಟಲೆ ವಿಶ್ಲೇಷಣೆಯಿಂದ ಸಾಧಿಸಬೇಕಾದ ಭೇದ ಇ‌ಲ್ಲಿ ಪ್ರತ್ಯಯದಲ್ಲಿಯೇ ಇದೆ. ನಮ್ಮ ಗದ್ಯವು ‘ನಿರ್ಧರಿಸು’ ಎಂಬ ಒಂದೇ ಸಂಸ್ಕೃತ ಧಾತುವಿನಿಂದ ಅದನ್ನು ಅಳಿಸಿಹಾಕುತ್ತಿದೆ ಎಂಬುದು ನಮ್ಮ ದೂರು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತು ಅಗತ್ಯ. ಭಾಷೆಯ ಮೇಲ್ಮೈಯ ಗುರುತು ಭಾಷಿಕನ ತಲೆಯೊಳಗಿನ ವ್ಯವಸ್ಥೆಯ ನೇರ ಪಡಿಯಚ್ಚಲ್ಲ. ಇದಕ್ಕೆ ಕನ್ನಡವೇ ಪ್ರಸಿದ್ಧ ಉದಾಹರಣೆಯಾಗಿದೆ. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ ೨೦೦೩ರಲ್ಲಿ ‘ಕಾಗ್ನಿಶನ್’ ಪತ್ರಿಕೆಯಲ್ಲಿ ಮಂಡಿಸಿದ ಅಧ್ಯಯನದಲ್ಲಿ ಮೂರು ವರ್ಷದ ಕನ್ನಡ ಮಕ್ಕಳಿಗೆ ವಾಕ್ಯಗಳನ್ನು ಕೊಟ್ಟು ಆಟಿಕೆಗಳಿಂದ ಅಭಿನಯಿಸಲು ಹೇಳಲಾಯಿತು. ಪ್ರೇರಣಾರ್ಥಕ್ಕೆ ಕನ್ನಡದಲ್ಲಿ ‘ಇಸು’ ಎಂಬ ಸ್ಪಷ್ಟ ಪ್ರತ್ಯಯವಿದೆ. ಆದರೂ ಮಕ್ಕಳು ಅದನ್ನು ಲೆಕ್ಕಿಸದೆ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು ನೋಡಿ ಮಾಡಿಸುವ ಅರ್ಥವನ್ನು ಗ್ರಹಿಸಿದರು. ಕೈಗೆಟುಕುವ ಪ್ರತ್ಯಯವನ್ನು ಬಿಟ್ಟು ಅದಕ್ಕಿಂತ ಆಳದ ರಚನೆಯನ್ನು ನೆಚ್ಚಿದರು. ಆದ್ದರಿಂದ ಕನ್ನಡದಲ್ಲಿ ಚತುರ್ಥಿಯಿದೆ, ಹಾಗಾಗಿ ಕನ್ನಡಿಗರ ಮನಸ್ಸೇ ಬೇರೆ ಎಂಬ ಬಗೆಯ ತೀರ್ಮಾನಕ್ಕೆ ನಾವು ಹೋಗುವುದಿಲ್ಲ. ನಮ್ಮ ವಾದ ಮನಸ್ಸಿನ ಬಗ್ಗೆ ಅಲ್ಲ, ಮನಸ್ಸಿನ ಬಗ್ಗೆ ಆಡುವ ಮಾತಿನಿಂದ ತೆಗೆದ ವಾದಗಳ ಬಗ್ಗೆ. ಬಳಕೆ ಬದಲಾಗಬಹುದು ಎಂಬುದನ್ನೂ ಒಪ್ಪುತ್ತೇವೆ. ಪಾಲ್ ಮತ್ತು ಪಟ್ರೀಶಿಯಾ ಚರ್ಚ್‌ಲ್ಯಾಂಡ್ ದಂಪತಿಗಳು ನಿರೀಕ್ಷಿಸುವಂತೆ ನಿತ್ಯದ ಮನೋಭಾಷೆ ಒಂದು ದಿನ ನರವಿಜ್ಞಾನದ ಭಾಷೆಗೆ ಜಾಗ ಬಿಟ್ಟುಕೊಡಲೂಬಹುದು. ಗಂಗಾವತಿಯ ಕಾಲೇಜು ಹುಡುಗರು ‘ಮೈಂಡಿಗೆ ಹತ್ತಲಿಲ್ಲ’ ಎನ್ನುವುದನ್ನು ನಾವು ಕೇಳಿದ್ದೇವೆ. ‘ಬ್ರೈನಿಗೆ ಬ್ಯಾಸರಾತು’ ಎಂಬುದನ್ನು ಇನ್ನೂ ಕೇಳಿಲ್ಲ.

ಆಸ್ಪತ್ರೆಯ ವಾಕ್ಯ

ಈ ಚರ್ಚೆ ಅತ್ಯಂತ ತುರ್ತಾಗುವುದು ತೀವ್ರ ನಿಗಾ ಘಟಕದ ಬಾಗಿಲಲ್ಲಿ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದವನ ಮನೆಯವರಿಗೆ, ಮಾನವ ಅಂಗಾಂಗಗಳ ಕಸಿಗೆ ಸಂಬಂಧಿಸಿದ ೧೯೯೪ರ ಕಾಯಿದೆಯ ಪ್ರಕಾರ ಸಾವನ್ನು ದೃಢಪಡಿಸಿ ತಿಳಿಸಬೇಕಾಗುತ್ತದೆ. ಕಾಯಿದೆಯ ಮಾತು ಬಹಳ ಎಚ್ಚರದ್ದು. ಮಿದುಳುಕಾಂಡದ ಎಲ್ಲ ಕಾರ್ಯಗಳೂ ಶಾಶ್ವತವಾಗಿ, ಮರಳಿ ಬಾರದಂತೆ ನಿಂತ ಸ್ಥಿತಿಯನ್ನು ಅದು ಹೆಸರಿಸುತ್ತದೆ. ವೈದ್ಯರ ಮಂಡಳಿ ಅದನ್ನು ಪ್ರಮಾಣೀಕರಿಸಬೇಕು, ಪರೀಕ್ಷೆಗಳನ್ನು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಮಾಡಬೇಕು. ಮುಖ್ಯವಾಗಿ, ಮೃತನೆಂದು ಅದು ಹೇಳುವುದು ವ್ಯಕ್ತಿಯನ್ನು. ಮಿದುಳುಕಾಂಡದ ಸ್ಥಿತಿ ಸಾವಿನ ಕಾರಣ, ಸಾವಿನ ಕರ್ತೃ ಅಲ್ಲ. ಅವಯವದೋಷ ಕಾಯಿದೆಯಲ್ಲಿಲ್ಲ. ಅದು ಇರುವುದು ನಮ್ಮ ಅನುವಾದದಲ್ಲಿ.

ಕನ್ನಡ ಪತ್ರಿಕೆಗಳೂ ಪ್ರಕಟಣೆಗಳೂ ಇದಕ್ಕೆ ಬಳಸುವ ಪದ ‘ಮಿದುಳು ನಿಷ್ಕ್ರಿಯ’. ಈ ಪದದಲ್ಲಿ ಮೂರು ತೊಡಕುಗಳಿವೆ. ಕಾಂಡ ಮಾಯವಾಗಿದೆ, ಇಡೀ ಮಿದುಳು ಬಂದಿದೆ, ಇದು ಚಿಕ್ಕ ತೊಡಕು. ನಿಷ್ಕ್ರಿಯ ಎಂದರೆ ಕೆಲಸ ಮಾಡುತ್ತಿಲ್ಲ ಎಂದರ್ಥ. ನಿಷ್ಕ್ರಿಯವಾದ ಬ್ಯಾಂಕ್ ಖಾತೆಯನ್ನು ಮತ್ತೆ ಸಕ್ರಿಯಗೊಳಿಸಬಹುದು, ನಿಷ್ಕ್ರಿಯವಾದ ಮೊಬೈಲ್ ಸಂಖ್ಯೆಯನ್ನೂ. ಆದುದರಿಂದ ಕೇಳಿದವರು ‘ಮತ್ತ ಚಾಲೂ ಆಗಬಹುದೇನ್ರೀ’ ಎಂದು ಕೇಳಿದರೆ ಅವರ ಅಜ್ಞಾನವೆನ್ನಲಾಗದು, ಅವರು ಪದದ ಅರ್ಥವನ್ನು ಸರಿಯಾಗಿಯೇ ಗ್ರಹಿಸಿದ್ದಾರೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ವಾಕ್ಯದ ವಿಷಯ ಮಿದುಳು, ಮನುಷ್ಯನಲ್ಲ. ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, ವೈದ್ಯರು ಒಂದು ಅಂಗದ ಸುದ್ದಿ ಹೇಳುತ್ತಿದ್ದಾರೆ. ಕಾಲು ನಿಷ್ಕ್ರಿಯವಾದವನು ಬದುಕಿರುತ್ತಾನೆ, ಮೂತ್ರಪಿಂಡ ನಿಷ್ಕ್ರಿಯವಾದವನು ಬದುಕಿರುತ್ತಾನೆ, ಹಾಗಿದ್ದರೆ ಮಿದುಳು ನಿಷ್ಕ್ರಿಯವಾದವನು? ಮನೆಯವರು ‘ಜೀವ ಐತಿ, ಖಬರಿಲ್ಲ’ ಎಂದು ಆ ಸ್ಥಿತಿಯನ್ನು ತಮ್ಮ ಮಾತಿಗೆ ಇಳಿಸಿಕೊಂಡರೆ ಅದು ಕೋಮಾ ಸ್ಥಿತಿಯ ವರ್ಣನೆಯಾಗುತ್ತದೆ. ಖಬರಿಲ್ಲದವನಿಗೆ ಖಬರ ಬರಬಹುದು, ಆ ಪದದಲ್ಲೇ ಮರಳುವ ದಾರಿಯಿದೆ. ಅಂಗದಾನಕ್ಕೆ ಒಪ್ಪಿಗೆ ಕೇಳುವುದು ಈ ಗೊಂದಲದ ನಡುವೆ. ಒಪ್ಪಿದವರು ಮುಂದೆ ಎಷ್ಟೋ ವರ್ಷ, ಬದುಕಿದ್ದವನನ್ನು ಕೊಟ್ಟೆವೇನೋ ಎಂಬ ಅಳುಕಿನಲ್ಲಿ ನವೆಯುವಂತಾಗಬಾರದು.

ಕೊಪ್ಪಳದ ಬೆಟ್ಟಗಳಲ್ಲಿ ಸಲ್ಲೇಖನದಿಂದ ದೇಹ ತ್ಯಜಿಸಿದ ಜೈನರ ನಿಷಿಧಿಗಳಿವೆ. ಆ ಪರಂಪರೆಯ ಹಳೆಯ ಶಾಸನಗಳಲ್ಲಿ, ಮುಖ್ಯವಾಗಿ ಶ್ರವಣಬೆಳಗೊಳದವುಗಳಲ್ಲಿ, ಸಾಯುವುದಕ್ಕೆ ಬರುವ ಮಾತು ‘ಮುಡಿಪು’, ಅಂದರೆ ಮುಗಿಸುವುದು. ಅಲ್ಲಿ ಸಾವೂ ಪ್ರಥಮಾ ವಿಭಕ್ತಿಯಲ್ಲಿ ನಿಂತ ಇಡೀ ಮನುಷ್ಯನ ಕೆಲಸ. ಆಧುನಿಕ ಆಸ್ಪತ್ರೆಯ ಸಾವು ಅಂಥ ಕೆಲಸವಲ್ಲ. ಆದರೂ ಅದು ಒಬ್ಬರ ಸಾವು, ಒಂದರ ಸಾವಲ್ಲ.

ನೆರೆಯ ಬಳ್ಳಾರಿ ಜಿಲ್ಲೆಯಲ್ಲಿ ೧೯೮೦ರ ದಶಕದ ನಡುವಿನಿಂದ ನಿಮ್ಹಾನ್ಸ್ ನಡೆಸಿದ ಮಾನಸಿಕ ಆರೋಗ್ಯ ಕಾರ್ಯಕ್ರಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನೂ ಕಾರ್ಯಕರ್ತರನ್ನೂ ತರಬೇತುಗೊಳಿಸಿ, ಮುಂದೆ ದೇಶದ ಜಿಲ್ಲಾ ಕಾರ್ಯಕ್ರಮಕ್ಕೇ ಮಾದರಿಯಾಯಿತು. ‘ತಲಿ ಕೆಟ್ಟೈತಿ’ ಎಂಬುದಕ್ಕೂ ‘ಮನಸಿಗೆ ಹಚ್ಚಿಕೊಂಡಾನ’ ಎಂಬುದಕ್ಕೂ ಇರುವ ಅಂತರ ಅಂಥ ಕೆಲಸದಲ್ಲಿ ನಿತ್ಯದ ಸಂಗತಿ. ಮೊದಲನೆಯದರಲ್ಲಿ ಅಂಗ ಕೆಟ್ಟಿದೆ, ಎರಡನೆಯದರಲ್ಲಿ ಮನುಷ್ಯನಿಗೆ ಏನೋ ತಾಗಿದೆ. ಮನೆಯವರು ಯಾವುದನ್ನು ಆಡುತ್ತಾರೆ ಎಂಬುದರ ಮೇಲೆ ಗುಳಿಗೆಯನ್ನು ಕೇಳುತ್ತಾರೋ ಮಾತನ್ನು ಕೇಳುತ್ತಾರೋ ಎಂಬುದೂ ನಿಲ್ಲಬಹುದು. ೨೦೧೫ರಿಂದ ಕೊಪ್ಪಳದಲ್ಲೇ ವೈದ್ಯಕೀಯ ವಿದ್ಯಾಲಯವಿದೆ. ಅಲ್ಲಿ ಕಲಿಯುವವರಿಗೆ ಮಿದುಳುಕಾಂಡದ ಪರೀಕ್ಷೆಯನ್ನು ಕಲಿಸುವಷ್ಟೇ ಜಾಗರೂಕತೆಯಿಂದ ಆ ಪರೀಕ್ಷೆಯ ಫಲಿತಾಂಶವನ್ನು ಹೇಳುವ ವಾಕ್ಯವನ್ನೂ ಕಲಿಸಬಹುದು. ನಾವು ಸೂಚಿಸುವ ವಾಕ್ಯಗಳು ಇವು:

(೧೪) ಅವರು ತೀರಿಕೊಂಡಾರ. ಉಸಿರು ಕಾಣಸ್ತೈತಿ, ಅದು ಮಷೀನಿಂದು, ಅವರದಲ್ಲ. ಇನ್ನ ಅವರಿಗೆ ಖಬರ ಬರೂದಿಲ್ಲ, ನೋವೂ ಆಗೂದಿಲ್ಲ.

ಇದರಲ್ಲಿ ಮಿದುಳು ಎಂಬ ಪದವಿಲ್ಲ. ಏಕೆ ಹೀಗಾಯಿತೆಂದು ಮನೆಯವರು ಕೇಳಿದಾಗ ಅದು ಬರಲಿ, ಕಾರಣದ ಸ್ಥಾನದಲ್ಲಿ, ‘ಮಿದುಳಿಗೆ ಪೆಟ್ಟಾಗಿತ್ತು’ ಎಂದು. ಅದಕ್ಕೆ ಕನ್ನಡ ಮೊದಲಿನಿಂದಲೂ ಚತುರ್ಥಿಯನ್ನು ಕೊಡುತ್ತಲೇ ಬಂದಿದೆ.